ಅಚ್ಚು ಮೊದಲು, ಬಣ್ಣ ಆಮೇಲೆ: ಲೋಹದ ವಿಮಾನ ಮಾಡೆಲ್‌ಗಳನ್ನು ನೋಡುವ ಬಗೆ

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರದ ಒಂದು ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿ ಕೈಯಲ್ಲಿ ಎತ್ತಿ ತೋರಿಸಿದ್ದನ್ನು ಇಲ್ಲಿ ಮಾತಲ್ಲೇ ಹೇಳಬೇಕಾಯಿತು. ಹಾಗಾಗಿ ಕೆಲವು ಕಡೆ ಸ್ವಲ್ಪ ಉದ್ದವಾಗಿದೆ.

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಆರು ವಿಮಾನ ಇಟ್ಟಿದ್ದೇನೆ. ಮುಟ್ಟಿ ನೋಡಬಹುದು. ಮಕ್ಕಳೂ ಮುಟ್ಟಬಹುದು. ಆದರೆ ಎತ್ತುವಾಗ ಒಡಲನ್ನು ಹಿಡಿದು ಎತ್ತಿ, ರೆಕ್ಕೆ ಹಿಡಿಯಬೇಡಿ. ಚಕ್ರದ ಕಾಲುಗಳು ಕಡ್ಡಿಗಿಂತ ಸಪೂರ ಇವೆ.

ನೀವೆಲ್ಲ ಒಳಗೆ ಬರುವಾಗ ಒಂದು ಪ್ರಶ್ನೆ ಕೇಳಿದ್ದೆ. ಈ ಆರರಲ್ಲಿ ಒಳ್ಳೆಯದು ಯಾವುದು ಅಂತ. ಹೆಚ್ಚಿನವರು ಈ ದೊಡ್ಡ ಜಂಬೊ ಕಡೆ ಬೆರಳು ತೋರಿಸಿದಿರಿ. ಏರ್ ಇಂಡಿಯಾದ ಬೋಯಿಂಗ್ 747-400. ಕೈಗೆ ಭಾರ ಸಿಗುತ್ತದೆ, ಹೊಳೆಯುತ್ತದೆ, ಜೊತೆಗೆ ಸ್ಟ್ಯಾಂಡೂ ಇದೆ. ನಾನೂ ತಗೊಳ್ಳುವಾಗ ಇದನ್ನೇ ನೋಡಿ ತಗೊಂಡದ್ದು. ಆದರೆ ಆರರಲ್ಲಿ ಹೆಚ್ಚು ತಪ್ಪಿರುವುದು ಇದರಲ್ಲೇ. ಮುಂದಿನ ಚಕ್ರದ ಕಾಲು ಉದ್ದವಾಗಿದೆ. ಹಾಗಾಗಿ ವಿಮಾನ ಮೂಗು ಎತ್ತಿಕೊಂಡು ನಿಂತಿದೆ. ರೆಕ್ಕೆಯ ಹಿಂದಿನ ಅಂಚು ದಪ್ಪ. ರೆಕ್ಕೆ ಒಡಲಿಗೆ ಸೇರುವಲ್ಲಿ ಉಗುರು ಹೋಗುವಷ್ಟು ಸಂದು.

ಅಡಕೆ ತೂಗಿಸಿದವರಿಗೆ ಇದು ಹೊಸ ವಿಷಯ ಅಲ್ಲ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಕೆ, ನೋಡುವವನು ಹೊರಗಿನ ಚಂದ ನೋಡಿ ರೇಟು ಹೇಳುವುದಿಲ್ಲ. ಒಂದು ಮುಷ್ಟಿ ತೆಗೆದು ಕುಲುಕುತ್ತಾನೆ, ಒಂದನ್ನು ತುಂಡು ಮಾಡಿ ಒಳಗೆ ನೋಡುತ್ತಾನೆ, ಪಟೋರ, ಕರಿಗೋಟು ಅನ್ನುವ ಕೆಳದರ್ಜೆಯವು ಇದ್ದರೆ ಬೇರೆ ಮಾಡುತ್ತಾನೆ. ಮಾಡೆಲ್ ನೋಡುವವರಿಗೂ ಅಂಥ ಕಣ್ಣು ಬೇಕು.

ಇದರಲ್ಲಿ ಎರಡು ವಿಷಯ ಇದೆ. ಕೆಲಸ ಚೊಕ್ಕ ಇದೆಯಾ ಅನ್ನುವುದು ಒಂದು. ವಿಮಾನ ಸರಿ ಇದೆಯಾ ಅನ್ನುವುದು ಇನ್ನೊಂದು. ಬಣ್ಣ ಒಂದು ಚೂರೂ ಆಚೀಚೆ ಆಗದೆ ಕೂತಿರಬಹುದು, ಆದರೂ ಮೂಗು ಬೇರೆ ಯಾವುದೋ ವಿಮಾನದ್ದು ಆಗಿರಬಹುದು. ಒಂದೆರಡು ಕಡೆ ಬಣ್ಣ ಹರಡಿದ್ದರೂ ದೂರದಿಂದಲೇ ಇಂಥದ್ದೇ ವಿಮಾನ ಅಂತ ಗುರುತು ಹಿಡಿಯುವ ಹಾಗಿರಬಹುದು. ನನಗೆ ಎರಡನೆಯದೇ ಬೇಕು. ಯಾಕೆ ಅಂತ ಹೇಳುತ್ತೇನೆ.

ಇವನ್ನು ಮಾಡುವ ಕ್ರಮ ಹೀಗೆ. ಉಕ್ಕಿನ ಅಚ್ಚಿಗೆ ಕರಗಿದ ಲೋಹವನ್ನು ಒತ್ತಡದಲ್ಲಿ ತುಂಬುತ್ತಾರೆ. ಲೋಹ ಹೆಚ್ಚಾಗಿ ಸತುವಿನ ಮಿಶ್ರಣ, ಹೆಸರು ಜಮಾಕ್. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ, ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲ ಅಕ್ಷರ ಸೇರಿ ಆದ ಹೆಸರು ಅದು. ಅಚ್ಚು ಮಾಡಿಸುವುದು ದುಬಾರಿ. ಹಾಗಾಗಿ ಒಂದು ಅಚ್ಚು ಮಾಡಿದರೆ ಅದನ್ನೇ ವರ್ಷಗಟ್ಟಲೆ ಬಳಸುತ್ತಾರೆ. ಅದೇ ಒಡಲಿಗೆ ಇವತ್ತು ಒಂದು ಕಂಪನಿಯ ಬಣ್ಣ, ನಾಳೆ ಇನ್ನೊಂದರದ್ದು. ಬಣ್ಣದ ತಪ್ಪನ್ನು ಮುಂದಿನ ಸಲ ತಿದ್ದಬಹುದು. ಅಚ್ಚಿನ ತಪ್ಪು ಆ ಅಚ್ಚಿನಿಂದ ಬರುವ ಎಲ್ಲ ವಿಮಾನಕ್ಕೂ ಅಂಟಿಕೊಳ್ಳುತ್ತದೆ. ಆದ್ದರಿಂದ ನಾನು ಮೊದಲು ಬಣ್ಣ ಮರೆತು ಆಕಾರ ನೋಡುತ್ತೇನೆ. ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದರೆ ಬಣ್ಣ ಕಾಣುವುದಿಲ್ಲ, ನೆರಳಿನ ಗೆರೆ ಮಾತ್ರ ಕಾಣುತ್ತದೆ. ಆ ಗೆರೆ ನೋಡಿಯೇ ಯಾವ ವಿಮಾನ ಅಂತ ಹೇಳಲು ಆಗಬೇಕು.

ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ ನೋಡಿದವರು ಇಲ್ಲಿ ತುಂಬ ಜನ ಇದ್ದೀರಿ. ಬೊಂಬೆಯ ಕಿರೀಟ ಮುಖಕ್ಕೆ ತಕ್ಕ ಅಳತೆಯಲ್ಲಿ ಇಲ್ಲದಿದ್ದರೆ ಎಷ್ಟು ಮಿಂಚು ಹಚ್ಚಿದರೂ ವೇಷ ಕಟ್ಟುವುದಿಲ್ಲ, ಅಲ್ವಾ? ಇಲ್ಲಿಯೂ ಅಷ್ಟೇ.

ಈಗ ಅಳತೆಗೆ ಬರೋಣ. ಸಾಮಾನ್ಯವಾಗಿ ಸಿಗುವುದು ಮೂರು ಪ್ರಮಾಣ: 1:200, 1:400, 1:500. ಅಂದರೆ ನಿಜವಾದ ವಿಮಾನದ ಇನ್ನೂರನೇ, ನಾನೂರನೇ, ಐನೂರನೇ ಒಂದು ಪಾಲು. ಐನೂರರಲ್ಲಿ ಜರ್ಮನಿಯ ಹರ್ಪಾ ಹೆಸರು ಎಲ್ಲರೂ ಕೇಳಿರುತ್ತೀರಿ. ನಾನೂರರಲ್ಲಿ ಜೆಮಿನಿ ಜೆಟ್ಸ್, ಎನ್‌ಜಿ, ಫೀನಿಕ್ಸ್ ಮುಂತಾದವು ಇವೆ. ಯಾವುದು ಮೇಲು ಅಂತ ಇವತ್ತು ಹೇಳುವುದಿಲ್ಲ. ಒಂದೇ ಹೆಸರಿನಲ್ಲಿ ಒಳ್ಳೆಯ ಅಚ್ಚೂ ಇರುತ್ತದೆ, ಕೆಟ್ಟ ಅಚ್ಚೂ ಇರುತ್ತದೆ. ಹೆಸರು ನೋಡಿ ತಗೊಳ್ಳುವುದನ್ನು ನಾನು ಬಿಟ್ಟು ತುಂಬ ಕಾಲ ಆಯಿತು.

ಲೆಕ್ಕ ಸುಲಭ. 1:400 ಆದರೆ ನಿಜವಾದ ವಿಮಾನದ ಉದ್ದ ಎಷ್ಟು ಮೀಟರ್ ಇದೆಯೋ ಅದನ್ನು 4ರಿಂದ ಭಾಗಿಸಿ. ಬಂದದ್ದೇ ಸೆಂಟಿಮೀಟರ್. 1:200 ಆದರೆ 2ರಿಂದ, 1:500 ಆದರೆ 5ರಿಂದ. ಏರ್‌ಬಸ್ ಎ320 ಉದ್ದ 37.57 ಮೀಟರ್. ನಾನೂರರಲ್ಲಿ 9.4 ಸೆಂ.ಮೀ. ಬರಬೇಕು. ರೆಕ್ಕೆಯ ತುದಿಯಿಂದ ತುದಿಗೆ 34.1 ಮೀಟರ್, ಅಂದರೆ 8.5 ಸೆಂ.ಮೀ. ಆದರೆ ಈಚಿನ ಎ320ಗಳ ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಬಾಗಿದ ಶಾರ್ಕ್‌ಲೆಟ್ ಇದೆ. ಆಗ ಅಗಲ 35.8 ಮೀಟರ್. ಮಾಡೆಲಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ವ್ಯತ್ಯಾಸ ಬಂತು. ಶಾಲೆಯ ಅಡಿಕೋಲಿನಲ್ಲೇ ಗೊತ್ತಾಗುತ್ತದೆ.

ಜಂಬೊದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1971ರಲ್ಲಿ ಏರ್ ಇಂಡಿಯಾಕ್ಕೆ ಬಂದ ಮೊದಲ ಜಂಬೊ ‘ಎಂಪರರ್ ಅಶೋಕ’ 747-200 ಜಾತಿಯದ್ದು. ಅದರ ರೆಕ್ಕೆಯ ಅಗಲ 59.6 ಮೀಟರ್. ಆಮೇಲೆ 1990ರ ದಶಕದಲ್ಲಿ ಬಂದ ‘ಕೋನಾರ್ಕ್’, ‘ಖಜುರಾಹೊ’ ಎಲ್ಲ 747-400. ಅಗಲ 64.4 ಮೀಟರ್, ತುದಿಯಲ್ಲಿ ನಿಂತ ವಿಂಗ್ಲೆಟ್ ಅನ್ನುವ ಸಣ್ಣ ರೆಕ್ಕೆ, ಮೇಲಿನ ಮಹಡಿ ಹಿಂದಕ್ಕೆ ಉದ್ದ ಎಳೆದದ್ದು. ಎರಡನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ, ನೋಡಿ. ಮಾಡೆಲಿನ ಉದ್ದ ಎರಡಕ್ಕೂ ಒಂದೇ, ಸುಮಾರು 17.7 ಸೆಂ.ಮೀ. ಆದರೆ ಗೂನು ಬೇರೆ, ರೆಕ್ಕೆ ಬೇರೆ. ಹಳೆಯದರ ಅಚ್ಚಿಗೆ ಹೊಸದರ ಹೆಸರು ಬರೆದರೆ ಅದು ಕೋನಾರ್ಕ್ ಆಗುವುದಿಲ್ಲ.

ಒಬ್ಬರು ಕೇಳಿದರು, ಒಂದು ಮಿಲಿಮೀಟರ್ ತಪ್ಪಿದರೆ ಏನು ಮಹಾ ಅಂತ. ನಾನೂರರಲ್ಲಿ ಒಂದು ಮಿ.ಮೀ. ಅಂದರೆ ನಿಜದಲ್ಲಿ 40 ಸೆಂ.ಮೀ. ಇಡೀ ಉದ್ದದಲ್ಲಿ ಅಷ್ಟು ಹೆಚ್ಚು ಕಡಿಮೆ ಆದರೆ ಕಣ್ಣಿಗೆ ಬೀಳುವುದಿಲ್ಲ. ನಾನೂ ಅದನ್ನು ಬಿಟ್ಟುಬಿಡುತ್ತೇನೆ. ಅದೇ ಒಂದು ಮಿ.ಮೀ. ಎಂಜಿನ್ ಕೆಳಗೆ ತಪ್ಪಿದರೆ? ಬೋಯಿಂಗ್ 737-800ರ ಎಂಜಿನ್ ನೆಲದಿಂದ ಹೆಚ್ಚು ಕಡಿಮೆ ಅರ್ಧ ಮೀಟರ್ ಎತ್ತರದಲ್ಲಿ ಇರುತ್ತದೆ. ಮಾಡೆಲಿನಲ್ಲಿ ಅದು ಒಂದು ಮಿ.ಮೀ.ಗಿಂತ ಚೂರು ಜಾಸ್ತಿ, ಅಷ್ಟೇ. ಅಲ್ಲಿ ಒಂದು ಮಿ.ಮೀ. ತಪ್ಪಿದರೆ ಎಂಜಿನ್ ನೆಲಕ್ಕೆ ತಾಗುತ್ತದೆ, ಇಲ್ಲವೇ ವಿಮಾನ ಕೊಕ್ಕರೆಯ ಹಾಗೆ ಎತ್ತರ ನಿಲ್ಲುತ್ತದೆ. ಎಷ್ಟು ತಪ್ಪು ಅನ್ನುವುದಕ್ಕಿಂತ ಎಲ್ಲಿ ತಪ್ಪು ಅನ್ನುವುದು ನನಗೆ ಮುಖ್ಯ.

ರೆಕ್ಕೆಯ ಅಂಚು, ಒಡಲಿನ ಮೇಲಿನ ಗೀರುಗಳು, ಇವಕ್ಕೂ ಇದೇ ಲೆಕ್ಕ. ಲೋಹವನ್ನು ತೀರಾ ತೆಳ್ಳಗೆ ಎರೆಯುವುದು ಕಷ್ಟ, ಒಪ್ಪುತ್ತೇನೆ. ಆದರೆ ಒಂದು ಮಿ.ಮೀ. ದಪ್ಪದ ಅಂಚು ಅಂದರೆ 40 ಸೆಂ.ಮೀ. ದಪ್ಪದ ಗೋಡೆ. ತಗಡಿನ ಜೋಡಣೆ ತೋರಿಸುತ್ತೇವೆ ಅಂತ ಆಳವಾಗಿ ಕೊರೆದ ಗೀರು ತೋಟದ ಕಣಿಯಷ್ಟು ಅಗಲ ಆಗುತ್ತದೆ. ಕಡಿಮೆ ಕೊರೆದದ್ದೇ ಹೆಚ್ಚು ಸರಿ.

ಇನ್ನು ಮುಖ. ವಿಮಾನದ ಗುರುತು ಇರುವುದು ಮೂಗು ಮತ್ತು ಮುಂದಿನ ಗಾಜುಗಳಲ್ಲಿ. 737ರ ಮೂಗು ಚೂಪು. ಎ320ರದ್ದು ಉರುಟು. ಎ320ರ ಪಕ್ಕದ ಗಾಜಿನ ಹಿಂದಿನ ಮೇಲಿನ ಮೂಲೆ ಕತ್ತರಿಸಿದ ಹಾಗೆ ಇರುತ್ತದೆ. ಹಳೆಯ 737ಗಳಲ್ಲಿ ಮುಂದಿನ ಗಾಜಿನ ಮೇಲೆ ಹುಬ್ಬಿನ ಹಾಗೆ ಸಣ್ಣ ಕಿಟಕಿಗಳಿದ್ದವು. ಗಾಜಿನ ಗೆರೆ ಅರ್ಧ ಮಿ.ಮೀ. ಕೆಳಗೆ ಅಚ್ಚಾದರೂ ವಿಮಾನ ಯಾರೋ ಬೇರೆಯವರ ಹಾಗೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೋಲಿಸಿ ನೋಡಲು ಒಳ್ಳೆಯ ಫೋಟೊ ಬೇಕು. ಮೊಬೈಲಿನಲ್ಲಿ ಹತ್ತಿರದಿಂದ ತೆಗೆದರೆ ಮೂಗು ಊದಿಕೊಂಡು ಬಾಲ ಸಣ್ಣದಾಗುತ್ತದೆ. ಅದನ್ನು ನೋಡಿ ಮಾಡೆಲಿನ ಮೇಲೆ ತಪ್ಪು ಹೊರಿಸಬಾರದು. ದೂರದಿಂದ ದೊಡ್ಡ ಲೆನ್ಸಿನಲ್ಲಿ, ಸರಿಯಾಗಿ ಪಕ್ಕದಿಂದ ತೆಗೆದ ಫೋಟೊ ಹುಡುಕಿ. ಮಾಡೆಲಿನ ಫೋಟೊವನ್ನೂ ಹಾಗೆಯೇ ತೆಗೆಯಿರಿ. ಆಮೇಲೆ ಎರಡನ್ನೂ ಪಕ್ಕದಲ್ಲಿ ಇಡಿ.

ಎಂಜಿನ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಕಂಡದ್ದು ಇಂಡಿಯನ್ ಏರ್‌ಲೈನ್ಸಿನ 737-200. ಅಲ್ಲಿಯ ಹಳೆಯ ರನ್‌ವೇ 1,615 ಮೀಟರ್ ಮಾತ್ರ. 2,450 ಮೀಟರಿನ ಹೊಸದು ಬಂದದ್ದು 2006ರಲ್ಲಿ. ಆ 737-200ರ ಎಂಜಿನ್ ಸಪೂರ, ಉದ್ದ. ರೆಕ್ಕೆಯ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೂ ಚಾಚಿಕೊಂಡಿರುತ್ತದೆ. ಆಮೇಲೆ ಬಂದ 737-300ಕ್ಕೆ ದಪ್ಪ ಎಂಜಿನ್ ಬಂತು. ಆದರೆ ವಿಮಾನದ ಕಾಲು ಗಿಡ್ಡ, ಎಂಜಿನ್‌ಗೆ ಕೆಳಗೆ ಜಾಗ ಇಲ್ಲ. ಅದಕ್ಕೆ ಎಂಜಿನ್‌ನ ಕೆಲವು ಭಾಗಗಳನ್ನು ಪಕ್ಕಕ್ಕೆ ಸರಿಸಿ ಕವಚದ ಕೆಳಭಾಗವನ್ನು ಚಪ್ಪಟೆ ಮಾಡಿದರು. ನಮ್ಮವರು ಗಲ್ಫಿಗೆ ಹೋಗಿ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ 737-800ರಲ್ಲೂ ಎಂಜಿನ್ ಬಾಯಿ ಪೂರ್ತಿ ದುಂಡಗೆ ಇಲ್ಲ. ಮಾಡೆಲನ್ನು ಎದುರಿನಿಂದ ಹಿಡಿದು ನೋಡಿ. ಬಾಯಿ ಬಳೆಯಷ್ಟು ದುಂಡಗಿದ್ದರೆ ಅಚ್ಚು ಮಾಡಿದವರು ನಿಜವಾದ ವಿಮಾನವನ್ನು ಸರಿಯಾಗಿ ನೋಡಿಲ್ಲ.

ಅದೇ ಕಂಪನಿಯ ಹೊಸ 737 ಮ್ಯಾಕ್ಸ್ 8 ಇಲ್ಲಿದೆ. ದೂರದಿಂದ 800ರ ಹಾಗೆಯೇ ಕಾಣುತ್ತದೆ. ಆದರೆ ಎಂಜಿನ್ ಕವಚದ ಹಿಂದಿನ ಅಂಚು ಗರಗಸದ ಹಲ್ಲಿನ ಹಾಗೆ ಇರಬೇಕು. ವಿಂಗ್ಲೆಟ್ ಮೇಲೆ ಕೆಳಗೆ ಎರಡು ಕವಲಾಗಿರಬೇಕು. ಮುಂದಿನ ಕಾಲು 800ರದ್ದಕ್ಕಿಂತ ನಿಜದಲ್ಲಿ 20 ಸೆಂ.ಮೀ. ಹೆಚ್ಚು ಎತ್ತರ, ಮಾಡೆಲಿನಲ್ಲಿ ಅರ್ಧ ಮಿ.ಮೀ. ಈ ಅರ್ಧ ಮಿ.ಮೀ.ಯನ್ನೂ ಬಿಡದೆ ಮಾಡಿದ್ದಾರೆ ಇದರಲ್ಲಿ. ಅದನ್ನು ಕಂಡುಹಿಡಿದ ದಿನ ನನಗೆ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಈಗ ಬಣ್ಣ. ವಿಮಾನದ ಮೇಲಿನ ಅಕ್ಷರ, ಕಿಟಕಿ, ಗೆರೆ ಎಲ್ಲ ಮೆತ್ತಗಿನ ಸಿಲಿಕಾನ್ ದಿಂಡಿನಿಂದ ಒತ್ತಿ ಅಚ್ಚು ಹಾಕುವಂಥವು. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಒತ್ತಬೇಕು. ಎರಡನೇ ಸಲ ಒತ್ತುವಾಗ ಕೂದಲೆಳೆ ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಅಶೋಕ ಜಂಬೊವನ್ನು ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಕಿಟಕಿಯ ಸುತ್ತ ಕೆಂಪು ಝರೋಕಾ, ಅರಮನೆಯ ಕಿಟಕಿಯ ಕಮಾನಿನ ಹಾಗೆ. ನಾನೂರರಲ್ಲಿ ಆ ಕಮಾನು ಸಾಸಿವೆ ಕಾಳಿಗಿಂತ ಸಣ್ಣದು. ಒಳ್ಳೆಯ ಕೆಲಸ ಆದರೆ ಕಮಾನಿನ ತುದಿ ಬಾಗಿದ್ದು ಕಾಣುತ್ತದೆ, ಕಿಟಕಿ ಅದರ ಒಳಗೆ ನಡುವಿನಲ್ಲಿ ಕೂರುತ್ತದೆ. ಕೆಟ್ಟದಾದರೆ ಕೆಂಪು ಬೊಟ್ಟುಗಳ ಸಾಲು ಅಷ್ಟೇ.

ಬಣ್ಣದ ಛಾಯೆ ಬಗ್ಗೆ ಜಗಳ ಮಾಡುವವರು ಜಾಸ್ತಿ. ನಾನು ಅದರಲ್ಲಿ ಅಷ್ಟು ಗಟ್ಟಿ ನಿಲ್ಲುವುದಿಲ್ಲ. ಬೆಳಗ್ಗಿನ ಬಿಸಿಲಿನಲ್ಲಿ ಕಂಡ ಕಿತ್ತಳೆ ಸಂಜೆ ಕೆಂಪಾಗುತ್ತದೆ. ವಿಮಾನಕ್ಕೆ ಹಚ್ಚಿದ ಬಣ್ಣವನ್ನೇ ಬೆರಳುದ್ದದ ಮಾಡೆಲಿಗೆ ಹಚ್ಚಿದರೆ ಕಡುವಾಗಿ ಕಾಣುತ್ತದೆ. ಅದಕ್ಕೇ ಕೆಲವರು ಬೇಕೆಂದೇ ಒಂದು ಚೂರು ತಿಳಿ ಮಾಡುತ್ತಾರೆ. ಅದು ತಪ್ಪಲ್ಲ.

ಆದರೆ ಯಾವ ವಿಮಾನಕ್ಕೆ ಯಾವ ಬಣ್ಣ ಅನ್ನುವುದರಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರಲ್ಲಿ ಹಾರಾಟ ಶುರು ಮಾಡಿದಾಗಿನಿಂದ ಒಂದೊಂದು ವಿಮಾನದ ಬಾಲದಲ್ಲಿ ಒಂದೊಂದು ಚಿತ್ರ. 2023ರಲ್ಲಿ ಹೊಸ ಬಣ್ಣ ಬಂದಾಗಲೂ ಬಾಲಕ್ಕೆ ಬಾಂಧನಿ, ಅಜ್ರಕ್‌ನಂಥ ಬಟ್ಟೆಯ ವಿನ್ಯಾಸ ಹಾಕಿದರು. ಹಾಗಾಗಿ ಬಾಲದ ಚಿತ್ರವೂ ಹಿಂದೆ ಬರೆದ ನೋಂದಣಿ ಅಕ್ಷರಗಳೂ ಹೊಂದಲೇಬೇಕು. ವಿಟಿ ಅಂದರೆ ಭಾರತ. ಅದರ ಮುಂದಿನ ಮೂರು ಅಕ್ಷರ ಅದೊಂದೇ ವಿಮಾನದ ಗುರುತು. ಮನೆಗೆ ಡೋರ್ ನಂಬರ್ ಇದ್ದ ಹಾಗೆ.

ಆ ಅಕ್ಷರ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ವಿಮಾನಕ್ಕೆ ಆದ ದುರಂತ ಈ ಕೋಣೆಯಲ್ಲಿ ಯಾರಿಗೂ ಮರೆತಿಲ್ಲ. 158 ಜನ ಹೋದರು. ಉಳಿದವರು ಎಂಟೇ ಮಂದಿ. ಹೋದವರಲ್ಲಿ ನಮ್ಮ ಜಿಲ್ಲೆಯವರು ಎಷ್ಟೋ ಜನ. ಆ ವಿಮಾನದ ಐದು ಅಕ್ಷರ ಇರುವ ಮಾಡೆಲ್ ನನ್ನ ಹತ್ತಿರ ಇಲ್ಲ. ಆ ಅಕ್ಷರಗಳನ್ನು ಇಲ್ಲಿ ಹೇಳುವುದೂ ಇಲ್ಲ. ಸರಿಯಾದ ಅಕ್ಷರ ಯಾಕೆ ಬೇಕು ಅಂತ ಕೇಳಿದವರಿಗೆ ನನ್ನ ಉತ್ತರ ಇದೇ: ಅದರಲ್ಲಿ ಕೂತು ಹೋದವರು ನಿಜವಾದ ಜನ.

ಭಾರ, ಸರ್ಟಿಫಿಕೇಟ್, ‘ಇಷ್ಟೇ ಮಾಡಿದ್ದು’ ಅನ್ನುವ ಚೀಟಿ, ಇವಕ್ಕೆಲ್ಲ ಹೆಚ್ಚು ಬೆಲೆ ಕೊಡಬೇಡಿ. ಉರುಳುವ ಚಕ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟ ಇಲ್ಲ. ಒಡಲಿನ ಮೇಲಿನ ಆಂಟೆನಾ ನಿಜದಲ್ಲಿ ಒಂದು ಅಡಿ ಎತ್ತರ ಇದ್ದರೆ ನಾನೂರರಲ್ಲಿ ಮುಕ್ಕಾಲು ಮಿ.ಮೀ. ಅದಕ್ಕಿಂತ ಎತ್ತರ ಮುಳ್ಳಿನ ಹಾಗೆ ನೆಟ್ಟಿದ್ದರೆ ಇಲ್ಲದಿರುವುದೇ ವಾಸಿ.

ಇಡುವ ವಿಷಯ ಹಲವರು ಕೇಳಿದಿರಿ. ನಮ್ಮ ಮಳೆಗಾಲ ಗೊತ್ತಲ್ಲ ಮಾರಾಯ್ರೇ. ಜೂನ್ ಬಂದರೆ ಪೆಟ್ಟಿಗೆಗೆ ಬೂಸ್ಟು ಹಿಡಿಯುತ್ತದೆ. ಗಾಜಿನ ಕಪಾಟು, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಜೆಲ್ ಬದಲಿಸುವುದು, ಇಷ್ಟು ಮಾಡಿ. ಸತುವಿನ ಮಿಶ್ರಣದಲ್ಲಿ ಸೀಸ ಸೇರಿಕೊಂಡಿದ್ದರೆ ವರ್ಷಗಳ ಮೇಲೆ ಲೋಹ ಒಳಗಿನಿಂದಲೇ ಬಿರುಕು ಬಿಡುತ್ತದೆ. ತೇವ ಮತ್ತು ಸೆಕೆ ಅದನ್ನು ಬೇಗ ಮಾಡುತ್ತವೆ. ಬಣ್ಣದ ಮೇಲೆ ಗುಳ್ಳೆ ಎದ್ದರೆ, ರೆಕ್ಕೆ ಸುಮ್ನೆ ಸೊಟ್ಟ ಆದರೆ ಅದೇ ರೋಗ. ಅದಕ್ಕೆ ಮದ್ದಿಲ್ಲ. ಹಳೆಯ ಮಾಡೆಲ್ ತಗೊಳ್ಳುವಾಗ ಅಡಿಭಾಗವನ್ನು ಬೆಳಕಿನಲ್ಲಿ ನೋಡಿಯೇ ತಗೊಳ್ಳಿ.

ಕೊನೆಗೆ ಈ ಸಣ್ಣದು. ಇಂಡಿಯನ್ ಏರ್‌ಲೈನ್ಸಿನ ಎ320, ಕಿತ್ತಳೆ ಬಾಲದ್ದು. ನನ್ನ ಸೋದರಮಾವ ಬೊಂಬಾಯಿಗೆ ಹೋಗಿ ಬರುತ್ತಿದ್ದದ್ದು ಇಂಥದ್ದರಲ್ಲಿ. ಇದನ್ನು ತುಂಬ ವರ್ಷ ಹುಡುಕಿ ತರಿಸಿದೆ. ಬಣ್ಣ ಚೊಕ್ಕ. ಮೂಗು ಸರಿ. ಎಂಜಿನ್ ಕೂಡ ಸರಿ. ಆ ವಿಮಾನಗಳಿಗೆ ಇದ್ದದ್ದು ವಿ2500 ಎಂಜಿನ್. ಅದರ ಕವಚ ಹಿಂದಿನವರೆಗೂ ಪೂರ್ತಿ ಮುಚ್ಚಿರುತ್ತದೆ. ಇನ್ನೊಂದು ಬಗೆಯ ಸಿಎಫ್‌ಎಂ ಎಂಜಿನ್ ಆದರೆ ಒಳಗಿನ ಕೊಳವೆ ಹಿಂದೆ ಹೊರಗೆ ಕಾಣುತ್ತದೆ. ಇಷ್ಟೆಲ್ಲ ಸರಿ ಮಾಡಿದವರು ಕಾಲಿನಲ್ಲಿ ತಪ್ಪಿದರು.

ಲೋಕದ ಎ320ಗಳಿಗೆಲ್ಲ ರೆಕ್ಕೆಯ ಕೆಳಗಿನ ಒಂದೊಂದು ಕಾಲಿಗೆ ಎರಡೆರಡು ಚಕ್ರ. ಆದರೆ 1989ರಿಂದ ಇಂಡಿಯನ್ ಏರ್‌ಲೈನ್ಸಿಗೆ ಬಂದ ಮೊದಲ ಕಂತಿನ ವಿಮಾನಗಳಿಗೆ ನಾಲ್ಕು ನಾಲ್ಕು. ನಮ್ಮ ಕೆಲವು ರನ್‌ವೇಗಳು ಅಷ್ಟು ಗಟ್ಟಿ ಇರಲಿಲ್ಲ, ಭಾರ ಹಂಚಿಹೋಗಲಿ ಅಂತ ನಮಗಾಗಿಯೇ ಹಾಗೆ ಮಾಡಿಸಿದ್ದು. ಆ ನಾಲ್ಕು ಚಕ್ರ ನೋಡಿದರೆ ಸಾಕು, ಇದು ನಮ್ಮ ದೇಶದ ವಿಮಾನ ಅಂತ ಗೊತ್ತಾಗುತ್ತಿತ್ತು. ನನ್ನ ಮಾಡೆಲಿನಲ್ಲಿ ಕಾಲಿಗೆ ಎರಡೆರಡೇ ಇವೆ. ಮಾಡಿದವರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು ಕೇಳಿದಳು: “ಮಾಮ, ಬೇರೆ ಚಕ್ರ ತಂದು ನೀವೇ ಅಂಟಿಸಬಹುದಲ್ವಾ?”

ಅಂಟಿಸಬಹುದು. ಹಾಗೆ ಮಾಡುವವರೂ ಇದ್ದಾರೆ, ಒಳ್ಳೆಯ ಕೈ ಇದ್ದವರು. ನನ್ನ ಕೈಗೆ ಆ ಕೆಲಸ ಬರುವುದಿಲ್ಲ, ಕಾಲು ಮುರಿದೀತು ಅಂತ ಹೆದರಿಕೆ. ಅದಕ್ಕೆ ಪೆಟ್ಟಿಗೆಯೊಳಗೆ ಒಂದು ಚೀಟಿ ಬರೆದು ಇಟ್ಟಿದ್ದೇನೆ. ನನ್ನ ನಂತರ ಯಾರ ಕೈಗೆ ಹೋದರೂ ಓದಲಿ ಅಂತ. ಅದನ್ನು ಅವಳ ಕೈಗೆ ಕೊಟ್ಟೆ, ಅವಳೇ ಎಲ್ಲರಿಗೂ ಓದಿ ಹೇಳಿದಳು: “ಇದರ ರೆಕ್ಕೆಯ ಕೆಳಗೆ ಒಟ್ಟು ಎಂಟು ಚಕ್ರ ಇರಬೇಕಿತ್ತು. ನಾಲ್ಕು ಇದೆ.”